ಹರಳಿನ ಹಿಂದೆ ಹೋದ ನೀರು

ಮಡಿಕೇರಿಯಲ್ಲಿ ನಮ್ಮದು ಚಿನ್ನ ಬೆಳ್ಳಿ ರಿಪೇರಿ ಅಂಗಡಿ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಇಲ್ಲಿಂದ ನಡೆದೇ ಹೋಗಬಹುದು. ಹೊಸ ಒಡವೆ ಬೇಕಾದವರು ಈಗ ಶೋರೂಮಿಗೆ ಹೋಗುತ್ತಾರೆ. ನಮ್ಮಲ್ಲಿಗೆ ಬರುವುದು ಹಳೇ ಒಡವೆ. ಊರ ಹಬ್ಬ ಹತ್ತಿರ ಬಂದರೆ ದೇವರ ಒಡವೆಯೇ ಜಾಸ್ತಿ: ಕಿರೀಟ, ಪದಕ, ಕಾಸಿನ ಸರ, ಬೆಳ್ಳಿ ಮುಖವಾಡ, ಪ್ರಭಾವಳಿ.

ನಾನು ಕೆಲಸಕ್ಕೆ ಕೂತು ಆಗ ಎರಡನೇ ವರ್ಷ. ಕಲಿಸುತ್ತಿದ್ದವರು ದೊಡ್ಡಪ್ಪ. ಒಂದು ಊರಿನ ಭಗವತಿ ದೇವಸ್ಥಾನದಿಂದ ತಕ್ಕರು, ಅಂದರೆ ದೇವಸ್ಥಾನದ ಉಸ್ತುವಾರಿ ನೋಡುವ ಮುಖ್ಯಸ್ಥರು, ಇಬ್ಬರು ಹಿರಿಯರ ಜೊತೆ ಬಂದು ಬಿಳಿ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಅಂಗೈ ಅಗಲದ ಕೆಂಪಿನ ಪದಕ. ನಡುವೆ ಒಂದು ದೊಡ್ಡ ಹರಳು, ಅದರ ಸುತ್ತ ಎಂಟು, ಹೊರಗೆ ಮತ್ತೆ ಎಂಟು, ತಾವರೆಯ ಹಾಗೆ. ಕೆಳಗೆ ಸಣ್ಣ ಮುತ್ತಿನ ಸಾಲು. ಎಷ್ಟೋ ವರ್ಷದ ಗಂಧ, ಕುಂಕುಮ, ದೀಪದ ಮಸಿ ಸೇರಿ ಸಂದುಗಳೆಲ್ಲ ತುಂಬಿಹೋಗಿತ್ತು. ದೊಡ್ಡಪ್ಪ ಅವರ ಎದುರೇ ತೂಕ ಹಾಕಿ, ಹರಳು ಎಣಿಸಿ, ಚೀಟಿ ಬರೆದುಕೊಟ್ಟರು. ಮಧ್ಯಾಹ್ನ ಮೈಸೂರಿಗೆ ಹೊರಟಾಗ, "ಇದನ್ನು ನಾನು ಬಂದ ಮೇಲೆ ನೋಡೋಣ" ಅಂದಿದ್ದರು.

ನಾನು ಕಾಯಲಿಲ್ಲ. ಬಳೆ, ಸರ ಎಲ್ಲ ಅಂಟುವಾಳದ ನೀರಿನಲ್ಲಿ ಕುದಿಸಿ ತೊಳೆದು ಅಭ್ಯಾಸ ಇತ್ತು. ದೊಡ್ಡಪ್ಪ ಬರುವಷ್ಟರಲ್ಲಿ ಮುಗಿಸಿಡೋಣ ಅನ್ನಿಸಿತು. ಮುತ್ತಿನ ಸಾಲು ಬಿಚ್ಚಿಟ್ಟು, ಪದಕವನ್ನು ಕುದಿಯುವ ನೀರಿಗೆ ಹಾಕಿದೆ. ತೆಗೆದಾಗ ಚಿನ್ನ ಹೊಸದರ ಹಾಗೆ ಹೊಳೆಯುತ್ತಿತ್ತು. ಬಟ್ಟೆಯಲ್ಲಿ ಒರೆಸಿ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಆರು ಹರಳು ಕಪ್ಪಾಗಿದ್ದವು. ಒಣಗಿದ ರಕ್ತದ ಬಣ್ಣ. ಒಂದು ಹರಳು ಗೂಡಿನೊಳಗೇ ವಾಲಿತ್ತು. ನನಗೆ ಕೈಕಾಲು ಆಡಲಿಲ್ಲ.

ದೊಡ್ಡಪ್ಪ ಬಂದವರು ಬೈಯಲಿಲ್ಲ. ಪದಕವನ್ನು ಮಗುಚಿ ನನ್ನ ಮುಂದೆ ಇಟ್ಟು, "ಹಿಂದೆ ನೋಡಿದ್ಯಾ?" ಅಂತ ಕೇಳಿದರು. ನಾನು ನೋಡಿರಲಿಲ್ಲ.

ಈಗಿನ ಉಂಗುರದಲ್ಲಿ ಹರಳಿನ ಹಿಂದೆ ತೆರೆದಿರುತ್ತದೆ, ಬೆಳಕು ಆ ಕಡೆಯಿಂದಲೂ ಬರುತ್ತದೆ. ಹಳೇ ಕೆಂಪಿನ ಕೆಲಸ ಹಾಗಲ್ಲ. ಹಿಂದೆ ಪೂರ್ತಿ ಚಿನ್ನದ ತಗಡು ಮುಚ್ಚಿರುತ್ತದೆ. ಗೂಡಿನೊಳಗೆ ಅರಗು ತುಂಬಿ, ಅದರ ಮೇಲೆ ಹೊಳೆಯುವ ತೆಳು ಬೆಳ್ಳಿ ತಗಡು ಇಟ್ಟು, ಆಮೇಲೆ ಹರಳು ಕೂರಿಸಿ, ಸುತ್ತ ಕುಂದಣ, ಅಂದರೆ ಅಪ್ಪಟ ಚಿನ್ನದ ತೆಳು ಪಟ್ಟಿ, ಒತ್ತಿರುತ್ತಾರೆ. ಮುಂದಿನಿಂದ ಹೋದ ಬೆಳಕು ಆ ತಗಡಿಗೆ ತಾಗಿ ವಾಪಸ್ ಬರುತ್ತದೆ. ಹರಳಿನ ಅರ್ಧ ಹೊಳಪು ಅದರದ್ದೇ. ಕುಂದಣದ ಸಂದಿನಲ್ಲಿ ಒಂದು ಹನಿ ನೀರು ಒಳಗೆ ಹೋದರೆ ತಗಡು ಕಪ್ಪಾಗುತ್ತದೆ. ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ. ನಾನು ಎರಡನ್ನೂ ಒಟ್ಟಿಗೆ ಮಾಡಿದ್ದೆ.

ಅವತ್ತೇ ಬಸ್ಸಿನಲ್ಲಿ ನನ್ನನ್ನೂ ಕರೆದುಕೊಂಡು ತಕ್ಕರ ಮನೆಗೆ ಹೋದರು. ಏನೂ ಮುಚ್ಚಿಡದೆ ಹೇಳಿದರು. ತಕ್ಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡಿ, "ಹಬ್ಬಕ್ಕೆ ಇನ್ನು ಹನ್ನೆರಡು ದಿನ ಮೋನೇ. ಅಷ್ಟರಲ್ಲಿ ಅಮ್ಮನ ಕೊರಳಿಗೆ ಬೇಕು" ಅಂದರು.

ಒಂಬತ್ತು ದಿನ ಆ ಪದಕ ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ಮೊದಲು ಕಾಗದದ ಮೇಲೆ ತಾವರೆ ಬರೆದು ಒಂದೊಂದು ಎಸಳಿಗೂ ನಂಬರು ಹಾಕಿದೆವು. ಎಲ್ಲ ಹರಳೂ ಒಂದೇ ಥರ ಕಾಣುತ್ತವೆ, ಆದರೆ ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗದ ಹಾಗೆ ಒಂದರ ಗೂಡಿಗೆ ಇನ್ನೊಂದು ಕೂರುವುದಿಲ್ಲ. ದೊಡ್ಡಪ್ಪ ಕುಂದಣ ಎಬ್ಬಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಹರಳು ಎತ್ತಿದರೆ ಕೆಳಗೆ ಆ ತಗಡು, ಸುಟ್ಟ ಕಾಗದದ ಹಾಗೆ. ಹೊಸ ತಗಡು ಕತ್ತರಿಸಿ ಉಜ್ಜಿ ಹೊಳಪು ಬರಿಸುವ ಕೆಲಸ ನನಗೆ ಕೊಟ್ಟರು. ಆರು ತಗಡಿಗೆ ನಾನು ಹಾಳು ಮಾಡಿದ್ದು ಇಪ್ಪತ್ತರ ಮೇಲೆ.

ಕೊನೆಗೆ ತೂಕ ಹಾಕಿದಾಗ ಕಡಿಮೆ ಬಂತು. ಬರಲೇಬೇಕಲ್ವಾ, ಕೊಳೆ ಹೋಗಿತ್ತು, ಹಳೇ ಅರಗು ಹೋಗಿತ್ತು. ದೊಡ್ಡಪ್ಪ ಕೆರೆದ ಕೊಳೆ, ಅರಗಿನ ಪುಡಿ, ಕಪ್ಪಾದ ತಗಡಿನ ಚೂರು ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಟ್ಟಿದ್ದರು. ಅವನ್ನೂ ತೂಕ ಮಾಡಿ ತಕ್ಕರ ಕೈಗೆ ಕೊಟ್ಟರು. ಮನೆಯ ಒಡವೆಯಾದರೆ ಯಜಮಾನರು "ಹೋಗಲಿ ಬಿಡಿ" ಅನ್ನಬಹುದು. ದೇವರ ಒಡವೆ ಇಡೀ ಊರಿನದು. ಹೋಗಲಿ ಬಿಡಿ ಅನ್ನುವ ಹಕ್ಕು ಒಬ್ಬರಿಗೆ ಇಲ್ಲ. ಮೇಲುಕೋಟೆಯ ವೈರಮುಡಿ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತರುವುದು ಎಲ್ಲರಿಗೂ ಗೊತ್ತು. ನಮ್ಮ ಹಳ್ಳಿಯ ಒಂದು ಪದಕಕ್ಕೂ ಅಷ್ಟೇ ಲೆಕ್ಕ ಇರಬೇಕು ಅನ್ನುವುದು ದೊಡ್ಡಪ್ಪನ ಮಾತು. ಈಗ ನಾನು ಮುಟ್ಟುವ ಮೊದಲು ಮುಂದೆ ಹಿಂದೆ ಫೋಟೋ ಕೂಡ ತೆಗೆಯುತ್ತೇನೆ. ಪೊಟ್ಟಣ ಕಟ್ಟುವುದು ಬಿಟ್ಟಿಲ್ಲ.

ಹಬ್ಬದ ರಾತ್ರಿ ನಮ್ಮನ್ನೂ ಕರೆದಿದ್ದರು. ಗರ್ಭಗುಡಿಯಲ್ಲಿ ಎಣ್ಣೆ ದೀಪ ಮಾತ್ರ. ಅರ್ಚಕರು ಆರತಿ ಎತ್ತಿದಾಗ ಆ ಹದಿನೇಳು ಹರಳೂ ಒಂದಾದ ಮೇಲೆ ಒಂದು ಹೊತ್ತಿಕೊಂಡ ಹಾಗಾಯಿತು. ಆರತಿ ಕೆಳಗಿಳಿದರೆ ಕೆಳಗಿನ ಎಸಳು, ಮೇಲೆ ಹೋದರೆ ಮೇಲಿನದು. ಹಿಂದೆ ತಗಡು ಯಾಕೆ ಇಡುತ್ತಾರೆ ಅನ್ನುವುದು ನನಗೆ ಅಂಗಡಿಯಲ್ಲಿ ಅರ್ಥ ಆಗಿತ್ತು, ಕಂಡದ್ದು ಅಲ್ಲಿ. ಅಲುಗಾಡುವ ದೀಪಕ್ಕೆ ಅಂತಲೇ ಮಾಡಿದ ಕೆಲಸ ಅದು. ಗರ್ಭಗುಡಿಗೆ ಎಲ್‌ಇಡಿ ಫೋಕಸ್ ಲೈಟು ಹಾಕಿಸುವವರಿಗೆ ನಾನು ಪ್ರತಿ ಸಲ ಬೇಡ ಅನ್ನುತ್ತೇನೆ. ಆ ಬೆಳಕಿಗೆ ಹರಳು ಸತ್ತ ಹಾಗೆ ಕಾಣುತ್ತದೆ.

ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ನಮ್ಮ ಮಡಿಕೇರಿಯದು. ಒಡವೆಗೆ ಇಲ್ಲಿ ಗಾಳಿಯಲ್ಲೇ ನೀರು. ಅರ್ಚಕರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ. ಅಭಿಷೇಕ ಆದ ಮೇಲೆ ಮೂರ್ತಿಯನ್ನು ಚೆನ್ನಾಗಿ ಒರೆಸಿ, ವಸ್ತ್ರ ಉಡಿಸಿ, ಅದರ ಮೇಲೆ ಒಡವೆ ಹಾಕಿ. ದೇವರ ಜಳಕಕ್ಕೆ ಹೊಳೆಗೆ ಹೋಗುವ ಮೊದಲು ಕೆಂಪಿನದ್ದೆಲ್ಲ ತೆಗೆದಿಡಿ. ಮುತ್ತಿಗೆ ಹುಳಿ ಆಗದು, ಮೊಸರು, ನಿಂಬೆ ಯಾವುದೂ ತಾಗಬಾರದು. ಬೆಳ್ಳಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ರಬ್ಬರಿನಲ್ಲಿರುವ ಗಂಧಕಕ್ಕೆ ಕಪ್ಪು ಗೆರೆ ಬೀಳುತ್ತದೆ. ಕೊಳೆ ತೆಗೆಯಲು ಒಣಗಿದ ಮೆತ್ತನೆ ಬ್ರಷ್ ಸಾಕು.

ಅಕ್ಟೋಬರ್ ಬಂದರೆ ಕೊಡವ ಮನೆಗಳ ಹೆಂಗಸರು ಪತ್ತಾಕ್ ಅನ್ನುವ ಪದಕದ ಸರ, ಜೋಮಾಲೆ ಅನ್ನುವ ಚಿನ್ನದ ಮಣಿಸರ ಹಿಡಿದು ಬರುತ್ತಾರೆ. ತುಲಾ ಸಂಕ್ರಮಣಕ್ಕೆ ಮನೆಯಲ್ಲಿ ಕಣಿ ಪೂಜೆ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಪತ್ತಾಕ್ ತೊಡಿಸಿ, ಕಾವೇರಮ್ಮ ಅಂತ ಕೈ ಮುಗಿಯುತ್ತಾರೆ. ಹೋದ ವರ್ಷ ಒಬ್ಬರು ಅಜ್ಜಿ, "ತೊಳೆದು ಕೊಡು ಮೋನೇ, ನಾಡಿದ್ದು ಅಮ್ಮನಿಗೆ ಹಾಕಬೇಕು" ಅಂತ ಪತ್ತಾಕ್ ಕೈಗಿಟ್ಟರು. ನಾನು ಅದನ್ನು ಮಗುಚಿದೆ. ಹಿಂದೆ ಮುಚ್ಚಿದ ತಗಡು. ಅವರನ್ನು ಎದುರಿಗೇ ಕೂರಿಸಿಕೊಂಡು ಒಣ ಬ್ರಷ್ಷಿನಲ್ಲೇ ಒಂದು ಗಂಟೆ ಉಜ್ಜಿದೆ. ತಲಕಾವೇರಿಯ ತೀರ್ಥ ಚಿಮುಕಿಸಿದ ಮೇಲೆ ಪತ್ತಾಕಿನ ಮೇಲೆ ಬಿದ್ದ ಹನಿಯನ್ನು ಆಗಲೇ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು ಅಂತ ಹೇಳಿದೆ. "ಅಮ್ಮನ ನೀರು, ಅದನ್ನೂ ಒರೆಸಬೇಕಾ?" ಅಂತ ಕೇಳಿದರು. ಹೌದು ಅಜ್ಜಿ ಅಂದೆ.