ಶಿಕಾಗೋದಲ್ಲಿ ಲಿಥುವೇನಿಯಾದ ಕಪ್ಪು ಬ್ರೆಡ್ಡು ಎಲ್ಲಿ ಸಿಗುತ್ತದೆ?

ಶಿಕಾಗೋದಲ್ಲಿ ಲಿಥುವೇನಿಯಾದ ಊಟ ಹುಡುಕಿಕೊಂಡು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಮಾರ್ಕ್ವೆಟ್ ಪಾರ್ಕ್‌ಗೆ. ಅಲ್ಲಿ 69ನೇ ಬೀದಿಯ ಒಂದು ಭಾಗಕ್ಕೆ ಲಿಥುವೇನಿಯನ್ ಪ್ಲಾಜಾ ಕೋರ್ಟ್ ಎಂಬ ಹೆಸರೇ ಇದೆ. ಆದರೆ ಅಲ್ಲಿನ ಹಳೆಯ ಲಿಥುವೇನಿಯನ್ ಹೋಟೆಲುಗಳು ಮುಚ್ಚಿ ವರ್ಷಗಳಾದವು. ಅಲ್ಲಿದ್ದ ಲಿಥುವೇನಿಯಾದ ಜನ ನೈಋತ್ಯಕ್ಕೆ ಸರಿದರು, ಒಲೆಯೂ ಅವರ ಜೊತೆ ಸರಿಯಿತು. ಆರ್ಚರ್ ಅವೆನ್ಯೂ ಹಿಡಿದು ಹೋಗಿ, ಅಲ್ಲಿ ರಸೀನ್ ಬೇಕರಿ ಇದೆ. ಅದನ್ನು ದಾಟಿ ಉಪನಗರಗಳ ಕಡೆ ಹೋದರೆ 75ನೇ ರಸ್ತೆಯ ಆಸುಪಾಸು, ಡ್ಯಾರಿಯನ್, ಡೌನರ್ಸ್ ಗ್ರೋವ್, ಕೊನೆಗೆ ಲೆಮಾಂಟ್. ಆ ಸಮುದಾಯದ ಕೇಂದ್ರವಾದ ಲಿಥುವೇನಿಯನ್ ವರ್ಲ್ಡ್ ಸೆಂಟರ್ ಇರುವುದು ಲೆಮಾಂಟಿನಲ್ಲೇ. ಅದೇ ಊರಿನ ರಾಮ ದೇವಸ್ಥಾನಕ್ಕೆ ಹೋಗುವ ಕನ್ನಡಿಗರು ಒಂದೇ ಓಡಾಟದಲ್ಲಿ ಎರಡನ್ನೂ ಮುಗಿಸಬಹುದು.

ಬೋರ್ಡಿನಲ್ಲಿ ‘ಲಿಥುವೇನಿಯನ್’ ಎಂದೇ ಇರಬೇಕೆಂದು ಕಾಯಬೇಡಿ. ಬಹಳ ಅಂಗಡಿಗಳು ‘ಯುರೋಪಿಯನ್ ಡೆಲಿ’ ಎಂದಷ್ಟೇ ಬರೆದುಕೊಂಡಿರುತ್ತವೆ. ಪೋಲೆಂಡಿನವರ ಅಂಗಡಿಯಲ್ಲೂ ಒಂದು ಕಪಾಟು ಲಿಥುವೇನಿಯಾದ್ದು ಇರುತ್ತದೆ. ಒಳಗೆ ಹೋದ ಕೂಡಲೇ ‘ದುವೊನಾ’ ಎಂದು ಕೇಳಿ. ಬ್ರೆಡ್ಡಿಗೆ ಅವರ ಮಾತು ಅದು. ರೈ ಎಂಬ, ಗೋಧಿಯಂಥ ಧಾನ್ಯದ ಕಪ್ಪು ಬ್ರೆಡ್ಡು ಕೈಗೆ ಬಂದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ.

ಈ ಬ್ರೆಡ್ಡಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಳ್ಳೆಯದು ಗಾತ್ರಕ್ಕಿಂತ ಭಾರವಾಗಿರುತ್ತದೆ, ಮೂಗಿನ ಹತ್ತಿರ ಹಿಡಿದರೆ ಹುಳಿಯೂ ಸಿಹಿಯೂ ಸೇರಿದ ವಾಸನೆ ಬರುತ್ತದೆ. ‘ಪ್ಲಿಕೀತಾ’ ಎಂದರೆ ಹಿಟ್ಟಿನ ಒಂದು ಭಾಗಕ್ಕೆ ಕುದಿನೀರು ಹೊಯ್ದು ಮಾಡಿದ್ದು. ಹಿಟ್ಟಿನ ಪಿಷ್ಟ ಒಡೆದು ಸಕ್ಕರೆಯಾಗುವುದರಿಂದ ಆ ಸಿಹಿ. ಬಿಸಿ ಇರುವಾಗಲೇ ಕೊಯ್ಯುವುದು ಎಲ್ಲರೂ ಮಾಡುವ ತಪ್ಪು. ರೈ ಹಿಟ್ಟಿಗೆ ಗೋಧಿಯಷ್ಟು ಜಿಗುಟಿಲ್ಲ, ಆರಿದ ಮೇಲೆಯೇ ಒಳಗಿನ ಪಿಷ್ಟ ಗಟ್ಟಿಯಾಗುವುದು. ಅಲ್ಲಿಯವರೆಗೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಒಂದು ರಾತ್ರಿ ಬಿಡಿ, ಆಮೇಲೆ ತೆಳ್ಳಗೆ ಕೊಯ್ಯಿರಿ. ಫ್ರಿಜ್ಜಿನಲ್ಲಿ ಇಟ್ಟರೆ ಬೇಗ ಬಿರುಸಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡಿ, ಉಳಿದದ್ದನ್ನು ಕೊಯ್ದು ಫ್ರೀಜರಿಗೆ ಹಾಕಿ.

ಬಿರುಸಾದ ಬ್ರೆಡ್ಡನ್ನು ಎಸೆಯಬೇಡಿ. ಬೆರಳು ದಪ್ಪದ ಕಡ್ಡಿಗಳಾಗಿ ಕೊಯ್ದು ಎಣ್ಣೆಯಲ್ಲಿ ಎರಡು ಮೂರು ನಿಮಿಷ ಕರಿಯಿರಿ, ಬಿಸಿ ಇರುವಾಗಲೇ ಹಸಿ ಬೆಳ್ಳುಳ್ಳಿ ಉಜ್ಜಿ ಉಪ್ಪು ಉದುರಿಸಿ. ಬೆಳ್ಳುಳ್ಳಿಯನ್ನು ಎಣ್ಣೆಗೇ ಹಾಕಿದರೆ ಸೀದು ಕಹಿಯಾಗುತ್ತದೆ. ಹೋಟೆಲುಗಳಲ್ಲಿ ಇದರ ಹೆಸರು ‘ಕೆಪ್ತಾ ದುವೊನಾ’.

ಹೋಟೆಲಿನಲ್ಲಿ ಎಲ್ಲರೂ ಕೇಳುವುದು ‘ಸೆಪೆಲಿನಾಯ್’. ಹಸಿ ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ, ಹಿಂಡಿದ ನೀರಿನ ತಳದಲ್ಲಿ ಕೂತ ಪಿಷ್ಟವನ್ನು ಮತ್ತೆ ಬೆರೆಸಿ, ಸ್ವಲ್ಪ ಬೇಯಿಸಿದ ಆಲೂಗಡ್ಡೆ ಸೇರಿಸಿ, ಒಳಗೆ ಹಂದಿಮಾಂಸದ ಹೂರಣ ತುಂಬಿ ಬೇಯಿಸುವ ಅಂಗೈ ಉದ್ದದ ಕಡುಬು. ಬಣ್ಣ ತುಸು ಬೂದಿ ಇದ್ದರೆ ದೋಷವಲ್ಲ, ಹಸಿ ಆಲೂಗಡ್ಡೆಯ ಗುಣ ಅದು. ಮೇಲ್ಮೈ ಒಡೆದು ನೀರು ಒಳಗೆ ಹೋಗಿದ್ದರೆ ಮಾತ್ರ ಹಿಂಡಿದ್ದು ಸಾಲದು, ಇಲ್ಲವೇ ಪಿಷ್ಟ ಕಡಿಮೆಯಾಗಿದೆ. ಬೇಯಲು ಅರ್ಧ ಗಂಟೆ ಹತ್ತಿರ ಬೇಕು, ಅವಸರದಲ್ಲಿದ್ದರೆ ಬೇರೆ ಏನಾದರೂ ಹೇಳಿ.

ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ‘ವಾರ್ಷ್ಕೆ’, ಅಂದರೆ ಒಡೆದ ಹಾಲಿನ ಗಿಣ್ಣು ತುಂಬಿದ ಸೆಪೆಲಿನಾಯ್ ಕೇಳಿ ಪಡೆದರೂ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಸುರಿದು ತರುತ್ತಾರೆ. ‘ಬರೀ ಹುಳಿ ಕ್ರೀಮ್ ಸಾಕು, ಬೇಕನ್ ಬೇಡ’ ಎಂದು ಮೊದಲೇ ಹೇಳಬೇಕು. ತುರಿದ ಆಲೂಗಡ್ಡೆಯ ‘ಕುಗೆಲಿಸ್’ ನೋಡಲು ಸಾಧು, ಒಳಗೆ ಬೇಕನ್ ಇರುತ್ತದೆ. ಅದನ್ನು ಬೇರ್ಪಡಿಸಿ ಕೊಡಿ ಎಂದರೆ ಆಗುವುದಿಲ್ಲ.

ಬೇಸಿಗೆಯಲ್ಲಿ ‘ಶಾಲ್ತಿಬಾರ್ಷ್ಚೈ’ ಬಿಡಬೇಡಿ. ಬೀಟ್‌ರೂಟಿನ ಮೊಸರುಬಜ್ಜಿ ತಿಂದು ಬೆಳೆದ ನಾಲಿಗೆಗೆ ತಕ್ಷಣ ಒಗ್ಗುವ ತಣ್ಣನೆಯ ಗುಲಾಬಿ ಸೂಪು ಇದು. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಕೆಫಿರ್ (ತೆಳ್ಳನೆಯ ಮೊಸರಿನಂಥ ಹುಳಿ ಹಾಲು), ಬೇಯಿಸಿ ತುರಿದ ಎರಡು ಮೂರು ಬೀಟ್‌ರೂಟು, ಎರಡು ಎಳೆ ಸೌತೆಕಾಯಿ, ಈರುಳ್ಳಿ ಸೊಪ್ಪು, ಕೈತುಂಬ ಸಬ್ಬಸಿಗೆ. ಬೀಟ್‌ರೂಟು ಪೂರ್ತಿ ಆರಿದ ಮೇಲೆ ಸೇರಿಸಿ, ಬಿಸಿ ಇದ್ದರೆ ಕೆಫಿರ್ ಒಡೆಯುತ್ತದೆ. ಬೇಯಿಸಿದ ಮೊಟ್ಟೆಯನ್ನೂ ಹಾಕುವುದು ವಾಡಿಕೆ, ಬೇಡದವರು ಮೊದಲೇ ಹೇಳಲಿ. ಪಕ್ಕದಲ್ಲಿ ಬಿಸಿ ಬಿಸಿ ಆಲೂಗಡ್ಡೆ ಇರಲೇಬೇಕು.

ಸಿಹಿಯಲ್ಲಿ ‘ಶಕೋತಿಸ್’: ತಿರುಗುವ ಸರಳಿನ ಮೇಲೆ ಮೊಟ್ಟೆ ಹಿಟ್ಟನ್ನು ಪದರ ಪದರವಾಗಿ ಸುರಿದು ಬೇಯಿಸಿದ, ಮುಳ್ಳು ಮುಳ್ಳಾದ ಮರದಂಥ ಕೇಕು. ಕಾರಿನಲ್ಲಿ ಮಲಗಿಸಿ ತಂದರೆ ಮುಳ್ಳು ಉದುರುತ್ತವೆ. ಗಟ್ಟಿ ಪೆಟ್ಟಿಗೆ ಕೇಳಿ, ನಿಲ್ಲಿಸಿಯೇ ತನ್ನಿ.

ಕ್ರಿಸ್‌ಮಸ್ ಮುನ್ನಾದಿನ, ಡಿಸೆಂಬರ್ 24ರ ‘ಕೂಚಿಯೋಸ್’ ರಾತ್ರಿಯೂಟಕ್ಕೆ ಮಾಂಸವಿಲ್ಲದ 12 ಬಗೆ ಇಡುವ ಪದ್ಧತಿ. ಮೀನು ಇರುತ್ತದೆ, ಜೊತೆಗೆ ಗಸಗಸೆ ಹಾಲಿನಲ್ಲಿ ನೆನೆಸಿ ತಿನ್ನುವ ಬಿಸ್ಕತ್ತಿನಂಥ ಚಿಕ್ಕ ಚಿಕ್ಕ ‘ಕೂಚ್ಯುಕೈ’ಗಳೂ. ನಮ್ಮ ಗಸಗಸೆ ಪಾಯಸ ಬಲ್ಲವರಿಗೆ ಆ ಹಾಲು ಹೊಸದಲ್ಲ. ಆ ದಿನಗಳಲ್ಲಿ ಬೇಕರಿ ಬಾಗಿಲಲ್ಲೇ ಸಾಲು ನಿಂತಿರುತ್ತದೆ, ಹಾಗಾಗಿ ಒಂದು ವಾರ ಮೊದಲೇ ಫೋನು ಮಾಡಿ ಹೇಳಿಡಿ. ಉಳಿದ ದಿನಗಳಲ್ಲೂ ದೂರದಿಂದ ಹೊರಡುವ ಮುನ್ನ ಆ ದಿನ ತೆರೆದಿದೆಯೇ, ಕಪ್ಪು ಬ್ರೆಡ್ಡು ಉಳಿದಿದೆಯೇ ಎಂದು ಎರಡೇ ಪ್ರಶ್ನೆ ಕೇಳಿ.