ಭಾವನ ನೀಲಿ ನೋಟ್‌ಬುಕ್ಕು

ಭಾನುವಾರ, 14 ಜುಲೈ 2024, ರಾತ್ರಿ 11.40

ಸ್ಟೌಟ್ ಅನ್ನೋ ಕಪ್ಪು ಬಿಯರಿನ ಗ್ಲಾಸನ್ನು ಮೂಗಿಗೆ ಹಿಡಿದ ಭಾವ ಮುಖ ಸಿಂಡರಿಸಿ ಅದನ್ನು ದೂರ ಸರಿಸಿಬಿಟ್ಟರು. ಆ ಮುಖ ಇನ್ನೂ ಕಣ್ಣ ಮುಂದೆಯೇ ಇದೆ. ನಿದ್ದೆ ಬರುವ ಹಾಗಿಲ್ಲ. ಅದಕ್ಕೇ ಬರೆಯಲು ಕೂತೆ.

ಫೆಬ್ರವರಿಯ ಜ್ವರದ ವಿಷಯ ಇಲ್ಲಿ ಹಿಂದೆಯೇ ಬರೆದಿದ್ದೆ. ಜ್ವರ ಎಂಟು ದಿನಕ್ಕೆ ಬಿಟ್ಟಿತು. ಅದರ ಜೊತೆ ಹೋದ ವಾಸನೆ ಮಾತ್ರ ಭಾವನಿಗೆ ವಾಪಸ್ ಬಂದಿಲ್ಲ. ಐದು ತಿಂಗಳಾಯಿತು. ಡಾಕ್ಟರು ನಾಲ್ಕು ಸಣ್ಣ ಸೀಸೆ ಕೊಟ್ಟಿದ್ದಾರೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಒಂದೊಂದನ್ನೂ ಮೂಸಬೇಕು. ಮೂಸುವಾಗ ಆ ವಾಸನೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ಭಾವ ಒಂದು ದಿನವೂ ತಪ್ಪಿಸಿಲ್ಲ. ಒಂದು ದಿನವೂ ಏನೂ ಬಂದಿಲ್ಲ.

ಬಿಯರನ್ನು ಮೊದಲು ಮೂಸಬೇಕು, ಆಮೇಲೆ ಕುಡಿಯಬೇಕು ಅಂತ ನನಗೆ ಕಲಿಸಿದ್ದೇ ಈ ಭಾವ. ಅವರ ಹತ್ತಿರ ನೀಲಿ ರಟ್ಟಿನ ನೋಟ್‌ಬುಕ್ ಇದೆ. ಕುಡಿದ ಒಂದೊಂದು ಬಿಯರಿನ ಬಗ್ಗೆಯೂ ಎರಡು ಮೂರು ಸಾಲು. ಎಲ್ಲಿಯ ಬಗೆ, ಬಣ್ಣ ಏನು, ಮೂಗಿಗೆ ಏನು ಬಂತು, ಬಾಯಲ್ಲಿ ಕೊನೆಗೆ ಏನು ಉಳಿಯಿತು. ಫೆಬ್ರವರಿಯಿಂದ ಅದರಲ್ಲಿ ಒಂದು ಸಾಲೂ ಇಲ್ಲ.

ಅಕ್ಕ ಶುಕ್ರವಾರ ಫೋನ್ ಮಾಡಿದ್ದಳು. "ನೀನಾದರೂ ಬಂದು ಅವರ ಜೊತೆ ಕೂತ್ಕೊಳ್ಳೋ. ಊಟ ಮಾಡೋದೂ ಕೆಲಸ ಅನ್ನೋ ಥರ ಮಾಡ್ತಾರೆ" ಅಂದಳು.

ನಾಲ್ಕು ಬಾಟಲಿ ತೆಗೆದುಕೊಂಡು ಹೋದೆ. ಹೆಫೆವೈಜನ್, ಐಪಿಎ (ಅಂದರೆ ಇಂಡಿಯಾ ಪೇಲ್ ಏಲ್), ಗೋಸೆ, ಸ್ಟೌಟ್. ಸುಮ್ನೆ ಆರಿಸಿದ್ದಲ್ಲ. ಮೊದಲನೆಯದನ್ನು ಲವಂಗಕ್ಕಾಗಿಯೇ ಆರಿಸಿದ್ದೆ. ಸೀಸೆಯಲ್ಲಿ ಸಿಗದ ಲವಂಗ ಗ್ಲಾಸಿನಲ್ಲಾದರೂ ಸಿಗಬಹುದು ಅನ್ನೋ ಆಸೆ. ಇದನ್ನು ಭಾವನಿಗೆ ಹೇಳಿರಲಿಲ್ಲ.

"ನೀನು ನೋಟ್‌ಬುಕ್ ಓದು, ನಾನು ಕುಡೀತೀನಿ" ಅಂದರು.

ಓದಿದೆ. "ಹೆಫೆವೈಜನ್. ಮಬ್ಬು ಬಂಗಾರದ ಬಣ್ಣ. ಚೆನ್ನಾಗಿ ಕಳಿತ ಬಾಳೆಹಣ್ಣು. ಅದರ ಬೆನ್ನಿಗೇ ಲವಂಗ."

ಈ ಬಿಯರಿಗೆ ಬಾಳೆಹಣ್ಣೂ ಹಾಕುವುದಿಲ್ಲ, ಲವಂಗವೂ ಹಾಕುವುದಿಲ್ಲ. ಗೋಧಿ, ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್, ನೀರು, ಹಾಪ್ಸ್ ಅನ್ನೋ ಕಹಿ ಹೂವು ಒಂಚೂರು, ಅಷ್ಟೇ. ಉಳಿದದ್ದೆಲ್ಲ ಜರ್ಮನಿಯ ಬವೇರಿಯಾದ ಆ ಒಂದು ಬಗೆಯ ಯೀಸ್ಟಿನ ಕೆಲಸ. ಹುದುಗುವಾಗ ಅದು ಐಸೋಅಮೈಲ್ ಅಸಿಟೇಟ್ ಅನ್ನೋ ವಸ್ತುವನ್ನು ಬಿಡುತ್ತದೆ. ನಿಜವಾದ ಬಾಳೆಹಣ್ಣಿನಲ್ಲೂ ಇರುವುದು ಅದೇ. ಲವಂಗದ ಘಾಟಿಗೆ ಇನ್ನೊಂದು ವಸ್ತು. ಇದನ್ನು ಮೊದಲ ಸಲ ಭಾವ ಹೇಳಿದಾಗ ನಾನು ನಂಬಿರಲಿಲ್ಲ. ಬಾಟಲಿಯ ತಳದಲ್ಲಿ ಉಳಿದ ಬಿಳಿ ಗಸಿಯನ್ನು ಅಲ್ಲಾಡಿಸಿ ಗ್ಲಾಸಿಗೆ ಸುರಿದು ಮೂಸು ಅಂದಿದ್ದರು. ಬಾಳೆಹಣ್ಣಿನ ಗೊನೆಯೇ ಮುಂದಿಟ್ಟ ಹಾಗಿತ್ತು.

ಭಾವ ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡರು. ನುಂಗಿದ ಮೇಲೆ ಉಸಿರನ್ನು ಮೂಗಿಂದ ಬಿಟ್ಟರು. ಗಂಟಲ ಹಿಂದಿನಿಂದ ಮೂಗಿಗೆ ಏರುವ ಘಮ ಸಿಗುವುದು ಆಗಲೇ. ನಾವು ರುಚಿ ಅಂತ ಕರೆಯುವುದರಲ್ಲಿ ಬಹುಪಾಲು ಅದೇ.

"ನೊರೆ ಗೊತ್ತಾಗ್ತಿದೆ. ಗ್ಯಾಸ್ ಚುರುಗುಟ್ತಿದೆ. ಒಂಚೂರು ಸಿಹಿ. ಅಷ್ಟೇ ಕಣೋ."

ನನ್ನ ಗ್ಲಾಸಿನಿಂದ ಲವಂಗ ಎಷ್ಟು ಜೋರಾಗಿ ಬರುತ್ತಿತ್ತು ಅಂದರೆ, ಅವರ ಎದುರು ಕುಡಿಯಲು ಮನಸ್ಸೇ ಬರಲಿಲ್ಲ.

ಎರಡನೆಯದು ಐಪಿಎ. ನೋಟ್‌ಬುಕ್ಕಿನಲ್ಲಿ ಹೀಗಿತ್ತು: "ಚಕೋತ ಸಿಪ್ಪೆ. ಪೈನ್ ಮರದ ಅಂಟು. ಹೊಸದಾಗಿ ಕತ್ತರಿಸಿದ ಹುಲ್ಲು. ಕಹಿ ಬಂದು ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ." ಭಾವ ಕುಡಿದು ಹೇಳಿದ್ದು ಒಂದೇ ಮಾತು. "ಮಾತ್ರೆ ನಾಲಿಗೆ ಮೇಲೆ ಕರಗಿದ ಹಾಗಿದೆ."

ಹಾಪ್ಸಿನಲ್ಲಿ ಎರಡು ಗುಣ ಇವೆಯಲ್ಲ. ಹೆಚ್ಚು ಹೊತ್ತು ಕುದಿಸಿದರೆ ಕಹಿ ಇಳಿಯುತ್ತದೆ, ಅದರ ಎಣ್ಣೆಯ ಘಮ ಆವಿಯಾಗಿ ಹೋಗುತ್ತದೆ. ಅದಕ್ಕೇ ಘಮ ಬೇಕಾದವರು ಕುದಿ ಮುಗಿಯುವ ಹೊತ್ತಿಗೆ ಮತ್ತೆ ಹಾಕುತ್ತಾರೆ, ಹುದುಗಿದ ಮೇಲೂ ಹಾಕುತ್ತಾರೆ. ಕಹಿ ನಾಲಿಗೆಯ ಪಾಲು, ಚಕೋತ ಪೂರ್ತಿ ಮೂಗಿನ ಪಾಲು. ಅಮೆರಿಕದ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಗಳ ಬಿಯರ್, ಬೆಳೆದದ್ದೇ ಈ ಮೂಗಿನ ಪಾಲಿನ ಮೇಲೆ. 1970ರ ದಶಕದ ಶುರುವಿನಲ್ಲಿ ಆರೆಗನ್‌ನಿಂದ ಕ್ಯಾಸ್ಕೇಡ್ ಅನ್ನೋ ಹೊಸ ಹಾಪ್ಸ್ ತಳಿ ಬಂತು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿಯವರು ಅದನ್ನು ಧಾರಾಳವಾಗಿ ಹಾಕಿ ಲಿಬರ್ಟಿ ಏಲ್ ಮಾಡಿದರು. ಸಿಯೆರಾ ನೆವಾಡಾ ಬ್ರೂವರಿಯ ಪೇಲ್ ಏಲ್ 1980ರದು. ಆ ಚಕೋತದ ಘಮವೇ ಒಂದು ಕಾಲದವರೆಗೆ ಕ್ರಾಫ್ಟ್ ಬಿಯರಿನ ಗುರುತಾಗಿತ್ತು. ಅದೆಲ್ಲ ಈಗ ಭಾವನಿಗೆ ಒಂದು ಮಾತ್ರೆ.

ಅವರು ಗ್ಲಾಸನ್ನೇ ನೋಡುತ್ತ ಕೂತಿದ್ದರು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಬೇಕಂತಲೇ ಒಂದು ತಪ್ಪು ಮಾತಾಡಿದೆ.

"ಐಪಿಎ ಹುಟ್ಟಿದ್ದೇ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನಿಕರಿಗೋಸ್ಕರ ಅಲ್ವಾ ಭಾವ? ದಾರಿಯಲ್ಲಿ ಕೆಡಬಾರದು ಅಂತ ಯಾರೋ ಕೂತು ಹೊಸ ಬಿಯರ್ ಕಂಡುಹಿಡಿದರಂತೆ."

"ಯಾರು ಹೇಳಿದ್ದು?" ತಲೆ ಎತ್ತಿದರು. "ಎಷ್ಟು ಸಲ ಹೇಳಿದೀನಿ ನಿನಗೆ!"

ಆಮೇಲೆ ಹತ್ತು ನಿಮಿಷ ಅವರನ್ನು ನಿಲ್ಲಿಸಲು ಆಗಲಿಲ್ಲ. ತಿಳಿ ಬಣ್ಣದ ಬಿಯರ್ ಪೇಲ್ ಏಲ್ ಅದಕ್ಕೂ ಮೊದಲೇ ಇತ್ತು. ಹೆಚ್ಚು ಹಾಪ್ಸ್ ಹಾಕಿ ವರ್ಷಗಟ್ಟಲೆ ಇಡುವ ಅಕ್ಟೋಬರ್ ಬಿಯರೂ ಇತ್ತು. ಲಂಡನ್ನಿನ ಬೋ ಅನ್ನೋ ಕಡೆ ಹಾಡ್ಜ್‌ಸನ್ ಮನೆತನದ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಜಾಗಕ್ಕೆ ಹತ್ತಿರ. ಹಡಗಿನ ಕ್ಯಾಪ್ಟನ್‌ಗಳು ಅಲ್ಲಿಂದ ಸಾಲಕ್ಕೆ ಪೀಪಾಯಿ ಒಯ್ಯುತ್ತಿದ್ದರು. ಆಫ್ರಿಕಾ ಸುತ್ತಿ ಬರುವ ತಿಂಗಳುಗಟ್ಟಲೆ ಪ್ರಯಾಣದಲ್ಲಿ, ಆ ಬಿಸಿಲು, ಆ ಕುಲುಕಾಟದಲ್ಲಿ ಬಿಯರ್ ಬೇಗ ಪಕ್ವವಾಯಿತು. "ಯಾರೂ ಕಂಡುಹಿಡಿಯಲಿಲ್ಲ ಕಣೋ. ಸಮುದ್ರ ಮಾಡಿದ್ದು ಅದು." 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಆಲ್‌ಸಪ್ ಅನ್ನುವವನು ಈ ವ್ಯಾಪಾರಕ್ಕೆ ಇಳಿದ. ಬರ್ಟನ್ ನೀರಿನಲ್ಲಿ ಜಿಪ್ಸಮ್ ಜಾಸ್ತಿ. ಅಂಥ ನೀರಿನಲ್ಲಿ ಹಾಪ್ಸಿನ ಕಹಿ ಚೂಪಾಗಿ, ಚೊಕ್ಕವಾಗಿ ನಿಲ್ಲುತ್ತದೆ. "ಸೈನಿಕರು ಕುಡೀತಿದ್ದದ್ದು ಪೋರ್ಟರ್ ಅನ್ನೋ ಕಂದು ಬಿಯರ್. ಪೇಲ್ ಏಲ್ ಕುಡಿದವರು ಅಧಿಕಾರಿಗಳು, ದುಡ್ಡಿದ್ದವರು."

ಇಷ್ಟು ಹೇಳುವಷ್ಟರಲ್ಲಿ ಅವರ ಗ್ಲಾಸು ಖಾಲಿಯಾಗಿತ್ತು. ಕುಡಿದದ್ದು ಅವರಿಗೂ ಗೊತ್ತಾಗಿರಲಿಲ್ಲ. ಅಕ್ಕ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು.

ಗೋಸೆ ಬಾಟಲಿಯನ್ನು ತೆರೆದದ್ದು ಅವಳೇ.

ಇದು ಜರ್ಮನಿಯದು. ಗೋಸ್ಲಾರ್ ಊರಲ್ಲಿ ಹುಟ್ಟಿ, ಲೈಪ್‌ಜಿಗ್‌ನಲ್ಲಿ ಹೆಸರು ಮಾಡಿತು. ಗೋಸೆ ಅನ್ನುವುದು ಗೋಸ್ಲಾರಿನ ನದಿಯ ಹೆಸರು. ಗೋಧಿಯ ಬಿಯರೇ, ಆದರೆ ಹುಳಿ. ಮೊಸರನ್ನು ಹುಳಿ ಮಾಡುವ ಜಾತಿಯ ಬ್ಯಾಕ್ಟೀರಿಯಾ ಇದನ್ನೂ ಹುಳಿ ಮಾಡುತ್ತದೆ. ಜೊತೆಗೆ ಕೊತ್ತಂಬರಿ ಬೀಜ ಮತ್ತು ಉಪ್ಪು. ಹೌದು, ಉಪ್ಪು.

ಭಾವ ಕುಡಿದರು. ತುಟಿ ನೆಕ್ಕಿಕೊಂಡರು. ಮತ್ತೆ ಕುಡಿದರು.

"ಉಪ್ಪು ಕಣೋ! ಹುಳಿ ಎರಡೂ ಕೆನ್ನೆ ಹಿಂಡ್ತಿದೆ!"

ಉಪ್ಪಿಗೆ, ಹುಳಿಗೆ ಮೂಗು ಬೇಡವಲ್ಲ. ನಾಲಿಗೆಯೊಂದೇ ಸಾಕು. ಇಷ್ಟು ಸರಳ ವಿಷಯ ಈ ಐದು ತಿಂಗಳಲ್ಲಿ ನನಗೆ ಯಾಕೆ ಹೊಳೆಯಲಿಲ್ಲ? ಕೊತ್ತಂಬರಿಯ ಘಮ ಅವರಿಗೆ ಸಿಕ್ಕಿರಲಾರದು. ಪರವಾಗಿಲ್ಲ. ಮನುಷ್ಯ ಒಂದು ಗ್ಲಾಸನ್ನು ಇಷ್ಟಪಟ್ಟು ಕುಡಿದದ್ದನ್ನು ಇವತ್ತು ನೋಡಿದೆ.

"1966ರಲ್ಲಿ ಇದು ಪೂರ್ತಿ ನಿಂತೇ ಹೋಗಿತ್ತು, ಗೊತ್ತಾ" ಅಂದರು. ಗೊತ್ತಿತ್ತು. ಆದರೂ ಗೊತ್ತಿಲ್ಲ ಅಂದೆ. ಲೈಪ್‌ಜಿಗ್‌ನಲ್ಲಿ ಗೋಸೆ ಮಾಡುವವರು ಯಾರೂ ಉಳಿದಿರಲಿಲ್ಲ. 1980ರ ದಶಕದಲ್ಲಿ ಲೋಥರ್ ಗೋಲ್ಡ್‌ಹಾನ್ ಅನ್ನುವವರು ಅಲ್ಲಿಯ ಹಳೆಯ ಗೋಸೆ ಅಂಗಡಿಯೊಂದನ್ನು ಮತ್ತೆ ತೆರೆಯಲು ಹೊರಟರು. ಅದರ ರುಚಿ ಹೇಗಿತ್ತು ಅಂತ ಹಿಂದೆ ಕುಡಿದಿದ್ದ ಊರಿನವರನ್ನು ಕೇಳಿ ಕೇಳಿ ತಿಳಿದುಕೊಂಡು, ಆಮೇಲೆ ಮಾಡಿಸಿದರು.

"ಇಲ್ಲಿ ಗೋಸೆ ಸತ್ತ ವರ್ಷವೇ ಬೆಲ್ಜಿಯಮ್ಮಿನಲ್ಲಿ ಇನ್ನೊಂದು ಬಿಯರ್ ಎದ್ದು ಕೂತಿತು" ಅಂದರು ಭಾವ. ಹೂಗಾರ್ಡನ್ ಊರಿನ ಪಿಯೆರ್ ಸೆಲಿಸ್ ಕಥೆ. ಆತ ಹಾಲು ಮಾರುವವರು. ಚಿಕ್ಕ ವಯಸ್ಸಿನಲ್ಲಿ ಪಕ್ಕದ ಬ್ರೂವರಿಯಲ್ಲಿ ಕೈಜೋಡಿಸುತ್ತಿದ್ದರು. ಅಲ್ಲಿ ಮಾಡುತ್ತಿದ್ದದ್ದು ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಬೆಳ್ಳನೆಯ ಗೋಧಿ ಬಿಯರ್, ವಿಟ್‌ಬಿಯರ್. 1950ರ ದಶಕದಲ್ಲಿ ಊರಿನ ಆ ಕೊನೆಯ ಬ್ರೂವರಿಯೂ ಮುಚ್ಚಿತು. ಸುಮಾರು ಹತ್ತು ವರ್ಷ ಊರಲ್ಲಿ ಆ ಬಿಯರ್ ಇರಲಿಲ್ಲ. ಸೆಲಿಸ್ 1966ರಲ್ಲಿ ಅದನ್ನು ಮತ್ತೆ ಮಾಡಿದರು. ಇವತ್ತು ಜಗತ್ತಿನಲ್ಲಿ ಎಲ್ಲೇ ವಿಟ್‌ಬಿಯರ್ ಕುಡಿದರೂ ಅದರ ಬೇರು ಈ ಹಾಲಿನವರ ಹತ್ತಿರ ಹೋಗುತ್ತದೆ.

"ನೆನಪು ಇಟ್ಟುಕೊಂಡು ಬಿಯರ್ ಮಾಡಿದ ಆ ಪುಣ್ಯಾತ್ಮ" ಅಂದರು ಭಾವ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೂ ನೆನಪೆಲ್ಲ ಇದೆ ಕಣೋ. ಒಂದೂ ಹೋಗಿಲ್ಲ. ಅದನ್ನ ತಾಳೆ ನೋಡೋಕೆ ಮೂಗಿಲ್ಲ."

ಇದಕ್ಕೆ ಏನಂತ ಹೇಳಲಿ? ಅಕ್ಕ ಎದ್ದು ಕಿಟಕಿ ಹಾಕಿದಳು. ಮಳೆಯೇನೂ ಬರುತ್ತಿರಲಿಲ್ಲ.

ಕೊನೆಗೆ ಸ್ಟೌಟ್. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ನೋಟ್‌ಬುಕ್ಕಿನಲ್ಲಿ ಬರೀ ಸ್ಟೌಟಿಗೇ ಹನ್ನೆರಡು ಪುಟ ಇವೆ. ಅದರ ಮೊದಲ ಪುಟದಲ್ಲಿ ಇತಿಹಾಸ ಬರೆದುಕೊಂಡಿದ್ದಾರೆ. 18ನೇ ಶತಮಾನದ ಲಂಡನ್. ಮೂಟೆ ಹೊರುವವರು ಇಷ್ಟಪಟ್ಟು ಕುಡಿಯುತ್ತಿದ್ದ ಕಂದು ಬಿಯರಿಗೆ ಅವರದೇ ಹೆಸರು ಬಂತು, ಪೋರ್ಟರ್. ಅದರಲ್ಲಿ ಗಟ್ಟಿಯಾದದ್ದು ಸ್ಟೌಟ್ ಪೋರ್ಟರ್. ಬರುಬರುತ್ತ ಪೋರ್ಟರ್ ಬಿಟ್ಟುಹೋಗಿ ಸ್ಟೌಟ್ ಉಳಿಯಿತು. 1817ರ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಆ ವರ್ಷ ಡೇನಿಯಲ್ ವೀಲರ್ ಅನ್ನುವವನು ಮಾಲ್ಟ್ ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುವಂಥದ್ದೇ ಡ್ರಮ್ಮು. ಬೆಂಕಿ ನೇರವಾಗಿ ತಾಗದ ಹಾಗೆ, ಸುಟ್ಟು ಬೂದಿಯಾಗದ ಹಾಗೆ, ಮಾಲ್ಟನ್ನು ಕಪ್ಪಗೆ ಹುರಿಯಲು ಆಯಿತು. ಅಂಥ ಮಾಲ್ಟ್ ಸ್ವಲ್ಪ ಹಾಕಿದರೂ ಇಡೀ ಬಿಯರ್ ಕಪ್ಪಾಗುತ್ತದೆ. ಸ್ಟೌಟಿನಲ್ಲಿ ನಮಗೆ ಸಿಗುವ ಕಾಫಿ, ಕಪ್ಪು ಚಾಕೊಲೇಟು ಎಲ್ಲ ಈ ಹುರಿತದ್ದೇ.

ಅವರ ಸಾಲು ಓದಿದೆ. "ಆಗಷ್ಟೇ ಪುಡಿ ಮಾಡಿದ ಕಾಫಿ. ಹುರಿದ ಬ್ರೆಡ್ಡಿನ ಅಂಚು. ಕೊನೆಗೆ ಕೊಕೊ."

ಭಾವ ಕಣ್ಣು ಮುಚ್ಚಿ ಗ್ಲಾಸನ್ನು ಮೂಗಿಗೆ ಹಿಡಿದರು. ಮುಖ ಸಿಂಡರಿಸಿದರು. ಗ್ಲಾಸನ್ನು ಅಷ್ಟು ದೂರಕ್ಕೆ ಸರಿಸಿದರು.

"ಥೂ. ಕೆಟ್ಟಿದೆ ಇದು. ಸುಟ್ಟ ರಬ್ಬರ್ ಥರ. ಏನೋ ಕೊಳೆತ ಹಾಗೆ."

ನಾನು ತಕ್ಷಣ ನನ್ನ ಗ್ಲಾಸು ಮೂಸಿದೆ. ಕಾಫಿ. ಚೆನ್ನಾಗಿಯೇ ಇತ್ತು. ಅವರ ಗ್ಲಾಸು ಮೂಸಿದೆ. ಅದೇ ಕಾಫಿ. ಬಾಟಲಿಯ ದಿನಾಂಕ ನೋಡಲು ಹೋದೆ. ಆಗ ಅಕ್ಕ ಮೆಲ್ಲಗೆ ಕೇಳಿದಳು.

"ಏನಂದ್ರಿ? ವಾಸನೆ ಬಂತಾ?"

ಮೂವರೂ ಹಾಗೇ ಕೂತುಬಿಟ್ಟೆವು.

ಡಾಕ್ಟರು ಮೊದಲೇ ಹೇಳಿದ್ದರಂತೆ. ಹೋದ ವಾಸನೆ ವಾಪಸ್ ಬರುವಾಗ ಕೆಲವರಿಗೆ ತಿರುಚಿಕೊಂಡು ಬರುತ್ತದೆ. ಮೂಗಿನ ನರಗಳು ಹೊಸದಾಗಿ ಬೆಳೆಯುವಾಗ ಹೀಗಾಗಬಹುದು. ಕಾಫಿ, ಹುರಿದದ್ದು, ಈರುಳ್ಳಿ, ಬೆಳ್ಳುಳ್ಳಿ ಇಂಥವೇ ಹೆಚ್ಚಾಗಿ ಕೆಟ್ಟದಾಗಿ ಬಡಿಯುವುದು. ಅಕ್ಕ ಇದನ್ನು ಮಾರ್ಚಿನಲ್ಲೇ ನನಗೆ ಹೇಳಿದ್ದಳು. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಭಾವ ಗ್ಲಾಸನ್ನು ಮತ್ತೆ ಹತ್ತಿರ ಎಳೆದುಕೊಂಡರು. ಮೂಸಿದರು. ವಾಕರಿಕೆ ಬಂದ ಹಾಗಾಯಿತು. ಇನ್ನೊಮ್ಮೆ ಮೂಸಿದರು. ಕಣ್ಣಲ್ಲಿ ನೀರು. ರಬ್ಬರಿನ ಘಾಟಿಗೋ, ಬೇರೆಯದಕ್ಕೋ ನಾನು ಕೇಳಲಿಲ್ಲ. ಅಷ್ಟು ಇಷ್ಟದ ಬಿಯರ್ ಹೀಗೆ ಬರಬೇಕಾ ಅಂತ ನನಗೆ ಸಂಕಟ. ಅಕ್ಕ ಮಾತ್ರ ನಗುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ.

"ಪೆನ್ ಕೊಡು" ಅಂದರು ಭಾವ.

ನೋಟ್‌ಬುಕ್ ತಿರುಗಿಸಿ, ಇವತ್ತಿನ ದಿನಾಂಕ ಹಾಕಿ ಬರೆದರು. "ಸ್ಟೌಟ್. ಸುಟ್ಟ ರಬ್ಬರ್." ಕೆಳಗೆ ಎರಡು ಗೆರೆ.

ಹೊರಡುವಾಗ ಮುಂದಿನ ಭಾನುವಾರಕ್ಕೆ ರೌಖ್‌ಬಿಯರ್ ತರಲು ಹೇಳಿದ್ದಾರೆ. ಜರ್ಮನಿಯ ಬ್ಯಾಂಬರ್ಗ್ ಊರಿನದು, ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನದು. ಮೂಗು ಸರಿಯಿದ್ದವರಿಗೇ ಮೊದಲ ಗ್ಲಾಸು ಕಷ್ಟ. ಆ ಹೊಗೆ ಈಗ ಅವರಿಗೆ ಯಾವ ರೂಪದಲ್ಲಿ ಬರುತ್ತದೋ. ಬೇಡ, ಮೊದಲು ಪಿಲ್ಸ್‌ನರ್ ಒಯ್ಯಲಾ? ಅದು ತಿಳಿ, ಮೆದು, ಸಾಟ್ಸ್ ಹಾಪ್ಸಿನ ಹೂವಿನ ಘಮ ಬಿಟ್ಟರೆ ಜಾಸ್ತಿ ಏನೂ ಇಲ್ಲ. ಆದರೆ ಅದರಲ್ಲಿ ಏನೂ ಬರದೇ ಹೋದರೆ, ಇವತ್ತು ಬಂದ ಆ ರಬ್ಬರೂ