ಕಾಲಡಿಯ ಬೀಗಗಳು

ಈಸ್ಟರ್ ಅಂದ್ರೆ ಖಾಲಿ ಸಮಾಧಿ, ಉರುಳಿದ ಕಲ್ಲು ಅಂತಲೇ ನನ್ನ ತಲೆಯಲ್ಲಿತ್ತು. ಇಸ್ತಾಂಬುಲ್‌ನ ಕೋರಾ ಅನ್ನೋ ಹಳೇ ಚರ್ಚಿನಲ್ಲಿ 14ನೇ ಶತಮಾನದ ಆರಂಭದ ಒಂದು ಭಿತ್ತಿಚಿತ್ರ ಇದೆ. ಅದರ ಫೋಟೊ ಜೂಮ್ ಮಾಡಿ ಮಾಡಿ ನೋಡಿದೆ. ಬಿಳಿ ಬಟ್ಟೆಯ ಕ್ರಿಸ್ತ ಪಾತಾಳಕ್ಕೇ ಇಳಿದಿದ್ದಾನೆ. ಒಂದು ಕಡೆ ಬೈಬಲಿನ ಮೊದಲ ಗಂಡಸು ಆದಾಮ, ಇನ್ನೊಂದು ಕಡೆ ಮೊದಲ ಹೆಂಗಸು ಹವ್ವ. ಇಬ್ಬರ ಮಣಿಕಟ್ಟನ್ನೂ ಹಿಡಿದು ಗೋರಿಯಿಂದ ದರದರ ಎಳೆಯುತ್ತಿದ್ದಾನೆ. ಕಾಲಡಿಯಲ್ಲಿ ಮುರಿದ ಬಾಗಿಲು, ಚೆಲ್ಲಾಪಿಲ್ಲಿಯಾದ ಬೀಗಗಳು, ಕೈಕಾಲು ಕಟ್ಟಿಸಿಕೊಂಡು ಬಿದ್ದ ಕಪ್ಪು ಆಕೃತಿ. ಎಂಥ ರಭಸ!

ಹೀಗೆ ಸಾವನ್ನು ಸೋಲಿಸೋಕೆ ದೇವರು ಮನುಷ್ಯನೇ ಯಾಕಾಗಬೇಕಿತ್ತು? 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಆಗಿದ್ದ ಅಥನಾಸಿಯುಸ್ (ಐದು ಸಲ ಗಡಿಪಾರಾದರೂ ಜಗ್ಗದ ಆಸಾಮಿ) ಕೊಟ್ಟ ಉತ್ತರ ನನಗಿಷ್ಟ: ದೇವರಿಗೆ ಸಾವಿಲ್ಲ, ಹಾಗಾಗಿ ಸಾಯಬಲ್ಲ ಒಂದು ದೇಹ ತೊಟ್ಟ. ಸಾವು ಆ ದೇಹವನ್ನು ಮುಟ್ಟಿತು, ಅಲ್ಲೇ ಸೋತಿತು. ಅದೇ ಶತಮಾನದ ಇನ್ನೊಬ್ಬ ಬಿಷಪ್, ನಿಸ್ಸಾದ ಗ್ರೆಗರಿ, ಇದನ್ನೇ ಗಾಳದ ಕಥೆ ಮಾಡಿದ. ಮಾನವ ದೇಹ ಎರೆ, ಒಳಗಿನ ದೈವತ್ವ ಕೊಕ್ಕೆ, ಸೈತಾನ ದುರಾಸೆಯ ಮೀನು. ಚೆನ್ನಾಗಿದೆ, ಆದರೆ ದೇವರನ್ನು ಸ್ವಲ್ಪ ಕಿಲಾಡಿ ಮಾಡಿಬಿಡುತ್ತೆ.

ಸಾವು ಸೋತಿದ್ದರೆ ಜನ ಇನ್ನೂ ಯಾಕೆ ಸಾಯ್ತಾರೆ ಅಂತ ಕೇಳೋದು ಸಹಜ. ಸಂತ ಪೌಲ ಸಾವನ್ನು 'ಕಡೆಯ ಶತ್ರು' ಅಂದ. ಅದರ ಪೂರ್ತಿ ನಾಶ ಇನ್ನು ಮುಂದಿದೆ ಅನ್ನೋದು ಅವನ ನಂಬಿಕೆ. ಸತ್ತ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸುವ ಮುಂಚೆ ಯೇಸುವೂ ಅತ್ತಿದ್ದನಲ್ಲ! ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ ಆ ದೇವರ ಮೇಲೆ ನನಗೆ ಹೆಚ್ಚು ಭರವಸೆ.